ವಿಷದ ಬಾಟಲಿಗಿರುವ ಕನ್ನಡ ಯಂತ್ರಕ್ಕೇಕಿಲ್ಲ?

ಬೆಂಗಳೂರಿನ ಕನ್ನಡ ತರುಣರೇ,

ನೆಲ ಗುಡಿಸುವ ದುಂಡು ಯಂತ್ರ ಬಂತು. ನಿದ್ದೆಯ ಲೆಕ್ಕ ಇಡುವ ಕೈಗಡಿಯಾರ ಬಂತು. ಫೋಟೋ ತೆಗೆಯುವ ಕನ್ನಡಕವೂ ಬಂತು. "ಲೈಟು ಹಾಕು" ಎಂದರೆ ಹಾಕುವ ಡಬ್ಬಿಯಂತೂ ಹಳೆಯದಾಯಿತು. ಆ ಡಬ್ಬಿಯೊಳಗಿನ ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ಕನ್ನಡ ಯಾವಾಗ ಎಂದು ಅವಳ ಯಜಮಾನರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದಿರಿ? ದುಡ್ಡು ಕೊಟ್ಟು ತಂದ ಡಬ್ಬಿಗೆ ಅರ್ಥವಾಗಲೆಂದು ನಿಮ್ಮ ನಾಲಿಗೆಯನ್ನೇ ತಿರುಚಿಕೊಂಡಿರಿ!

ನಿಮ್ಮ ಪಾಲಿಗೆ ಇದು ಶೋಕಿ ಇರಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇದು ಜೀವದ ಪ್ರಶ್ನೆ. ನಮ್ಮಲ್ಲಿ ಅಡಿಕೆ ಮರ ಹತ್ತುವ ಆಳು ಸಿಗುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯದಿದ್ದರೆ ಕೊನೆ ಉಳಿಯುವುದಿಲ್ಲ. ಅದಕ್ಕೇ ಬಂದಿದೆ ಕಾರ್ಬನ್ ಫೈಬರ್ ದೋಟಿ. ನೆಲದ ಮೇಲೆ ನಿಂತೇ ಮರದ ತುದಿಗೆ ಔಷಧಿ ಹೊಡೆಯಬಹುದು, ಕೊನೆ ಕೊಯ್ಯಬಹುದು. ದೋಟಿ ಎಂದರೆ ಅಜ್ಜನ ಕಾಲದಲ್ಲಿ ಮಾವು, ಹಲಸು ಕೀಳುತ್ತಿದ್ದ ಬಿದಿರ ಗಳು. ಹೊಸ ಸರಕಿಗೆ ಆ ಹಳೆಯ ಹೆಸರಿಡಲು ಯಾವ ಸಮಿತಿಯೂ ಸೇರಲಿಲ್ಲ, ಯಾವ ವಿದ್ವಾಂಸನೂ ಬೇಕಾಗಲಿಲ್ಲ. ತೋಟದವರೇ ಕರೆದರು, ನಿಂತಿತು.

ಹೆಸರೇನೋ ಕನ್ನಡವಾಯಿತು. ಎಚ್ಚರಿಕೆ? ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಫೈಬರ್ ಎಂದ ಕೂಡಲೇ ಪ್ಲಾಸ್ಟಿಕ್ಕಿನ ಹಾಗೆ, ಶಾಕ್ ಹೊಡೆಯುವುದಿಲ್ಲ ಎಂದು ನಂಬುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿ ತೋಟದಲ್ಲೇ ಪ್ರಾಣ ಬಿಟ್ಟವರ ಸುದ್ದಿ ಮಲೆನಾಡಿಗೆ ಹೊಸದಲ್ಲ. "ತಂತಿಯ ಹತ್ತಿರ ಇದನ್ನು ಎತ್ತಬೇಡಿ" ಎಂಬ ಒಂದು ಸಾಲನ್ನು ದೋಟಿ ಹಿಡಿಯುವವನ ಭಾಷೆಯಲ್ಲಿ ಅಚ್ಚು ಹಾಕಲು ಏನು ಧಾಡಿ?

ಕಳೆ ಕೊಚ್ಚುವ ಮಿಷನ್ನಿನದೂ ಇದೇ ಕಥೆ. ಕೆಲವಕ್ಕೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಕೆಲವಕ್ಕೆ ಬೆರೆಸಬಾರದು. ಎಷ್ಟು ಎಂಬುದೂ ಮಿಷನ್ನಿನಿಂದ ಮಿಷನ್ನಿಗೆ ಬೇರೆ. ತಪ್ಪಿದರೆ ಪಿಸ್ಟನ್ ಹಿಡಿದು ಕೂರುತ್ತದೆ, ರೈತನ ದುಡ್ಡು ಹೋಗುತ್ತದೆ. "ಇದರಲ್ಲಿ ಏನು ಬರೆದಿದೆ ಸ್ವಲ್ಪ ನೋಡಿ ಮಾರಾಯ್ರೆ" ಎಂದು ಆ ಪುಸ್ತಕ ಹಿಡಿದು ನನ್ನ ಪ್ರೆಸ್ಸಿಗೆ ಬರುವವರಿದ್ದಾರೆ. ಪಿಯುಸಿ ಓದಿದ ನಾನು ಇಂಗ್ಲಿಷಿನಲ್ಲಿ ತಡವರಿಸಿಕೊಂಡು ಹೇಳುತ್ತೇನೆ. ಇದು ಮುದ್ರಕನ ಕೆಲಸವೋ, ಕಂಪನಿಯ ಕೆಲಸವೋ?

ಈಗ ಕಾನೂನಿನ ತಮಾಷೆ ಕೇಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ವಿಷದ ಬಾಟಲಿಯ ಚೀಟಿಯಲ್ಲಿ ಹಿಂದಿ, ಇಂಗ್ಲಿಷಿನ ಜೊತೆ ಅದು ಮಾರಾಟವಾಗುವ ಪ್ರದೇಶದ ಭಾಷೆಯೂ ಇರಲೇಬೇಕು. ಅದನ್ನು ಓದಲು ಭೂತಗನ್ನಡಿ ಬೇಕು, ಆ ಮಾತು ಬೇರೆ. ಆದರೆ ಪೊಟ್ಟಣದ ಸರಕುಗಳ 2011ರ ಕೇಂದ್ರ ನಿಯಮ ತೆಗೆಯಿರಿ. ಪೊಟ್ಟಣದ ಮೇಲಿನ ವಿವರ ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕಂತೆ! ಬೇರೆ ಭಾಷೆಯನ್ನು ಸೇರಿಸಿಕೊಂಡರೆ ಅಡ್ಡಿಯಿಲ್ಲ ಎನ್ನುವುದಷ್ಟೇ ದೆಹಲಿಯ ಔದಾರ್ಯ. ವಿಷಕ್ಕೆ ಕನ್ನಡ ಕಡ್ಡಾಯ, ಮಿಕ್ಕ ಸರಕಿಗೆ ಐಚ್ಛಿಕ!

ನಮ್ಮ ಸರ್ಕಾರ ಸುಮ್ಮನೆ ಕೂತಿಲ್ಲ, ನಿಜ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾದ ಸರಕಿನ ಹೆಸರು, ಬಳಸುವ ಕ್ರಮ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಆದೇಶವೂ ಹೊರಟಿತು. ಸಂತೋಷ. ಆದರೆ ಪುಣೆಯಲ್ಲೋ ಚೀನಾದಲ್ಲೋ ತಯಾರಾಗಿ ಕೊಪ್ಪದ ಅಂಗಡಿಯಲ್ಲಿ ಮಾರಾಟವಾಗುವ ಸರಕಿನ ಗತಿ? ಇಲ್ಲಿ ಮಾರುವವನಿಗೆ ಇಲ್ಲದ ನಿಯಮ ಇಲ್ಲಿ ಮಾಡುವವನಿಗೆ ಮಾತ್ರ ಯಾಕೆ?

ಕನ್ನಡಕ್ಕೆ ತಾಂತ್ರಿಕ ತೊಂದರೆ ಎಂಬ ಹಳೆಯ ರಾಗವನ್ನು ನನ್ನೆದುರು ಯಾರೂ ಎಳೆಯುವುದು ಬೇಡ. ಮೊಳೆ ಜೋಡಿಸುವ ಕಾಲದಲ್ಲಿ ಒತ್ತಕ್ಷರದ ಕಷ್ಟ ಇತ್ತು, ಒಪ್ಪುತ್ತೇನೆ. ಕೆ.ಪಿ. ರಾವ್ ಕೀಲಿಮಣೆ ಮಾಡಿಕೊಟ್ಟರು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ. ನಮ್ಮದೇ ಜಿಲ್ಲೆಯ ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ಬೇಕೆಂದು ತೇಜಸ್ವಿ ಹಟ ಹಿಡಿದರು. ಇಷ್ಟೆಲ್ಲ ಆದ ಮೇಲೂ ಯಂತ್ರದ ಜೊತೆ ಒಂದು ಕನ್ನಡದ ಹಾಳೆ ಬರುವುದಿಲ್ಲ ಎಂದರೆ ತೊಂದರೆ ಇರುವುದು ಅಕ್ಷರದಲ್ಲಲ್ಲ, ಅಸಡ್ಡೆಯಲ್ಲಿ. ಸಾವಿರ ಹಾಳೆ ಅಚ್ಚು ಹಾಕಲು ನನ್ನಂಥ ಸಣ್ಣ ಪ್ರೆಸ್ಸಿಗೂ ಒಂದು ದಿನ ಧಾರಾಳವಾಗಿ ಸಾಕು. ಮದುವೆ ಕರೆಯೋಲೆಗೆ ಇದಕ್ಕಿಂತ ಹೆಚ್ಚು ಕೆಲಸ ಹಿಡಿಯುತ್ತದೆ!

ಕೇಳಿದರೆ ಕಂಪನಿಗಳು ಬಗ್ಗುವುದಿಲ್ಲವೇ? 2021ರ ಜೂನಿನಲ್ಲಿ ಗೂಗಲ್ ಹುಡುಕಾಟದಲ್ಲಿ ಕನ್ನಡ ಕುರೂಪಿ ಭಾಷೆ ಎಂಬ ಉತ್ತರ ಬಂದಾಗ ನೀವು ಎದ್ದು ಕೂಗಿದಿರಿ. ಅಷ್ಟು ದೊಡ್ಡ ಗೂಗಲ್ ಕ್ಷಮೆ ಕೇಳಿತು. ಬೈದಾಗ ಎದ್ದ ನೀವು ಕಡೆಗಣಿಸಿದಾಗ ಮಲಗಿದ್ದೀರಲ್ಲ! ನಿಮ್ಮ ಕೈಲಿರುವ ಫೋನಿನಲ್ಲಿ ಕನ್ನಡ ಇದೆ. ತಿರುಗಿಸಿ ಹಾಕಿಕೊಂಡವರು ಎಷ್ಟು ಮಂದಿ? ಕನ್ನಡವನ್ನು ಬಳಸುವವರೇ ಇಲ್ಲ ಎಂದು ಕಂಪನಿಯವನು ಹೇಳಿದರೆ ಅವನಿಗೆ ಆ ಲೆಕ್ಕ ಕೊಟ್ಟವರು ನೀವೇ.

ಸರಕು ಕೊಳ್ಳುವ ಮುಂಚೆ ಅಂಗಡಿಯವನನ್ನು ಕನ್ನಡದ ಹಾಳೆ ಕೇಳಿ. ಇಲ್ಲವೆಂದರೆ ಕಂಪನಿಗೆ ಕನ್ನಡದಲ್ಲೇ ದೂರು ಬರೆಯಿರಿ. ದೀಪಾವಳಿಗೆ ಊರಿಗೆ ಬಂದಾಗ ಅಪ್ಪನ ಕಳೆ ಮಿಷನ್ನಿನ ಪುಸ್ತಕ, ದೋಟಿಯ ಚೀಟಿ ತೆಗೆದು, ತಿಳಿದವರನ್ನು ಕೇಳಿ, ಒಂದು ಪುಟ ಕನ್ನಡದಲ್ಲಿ ಬರೆದು ತನ್ನಿ. ಅಚ್ಚು ಹಾಕುವ ಖರ್ಚು ನನ್ನದು, ಕಾಗದ ಮಾತ್ರ ನಿಮ್ಮದು.