ಗೊಂಬೆ ಮೆಟ್ಟಿಲ ಮುಂದೆ ಕಾಮಸಮುದ್ರದ ರೈಲು

ಸೋದರಿಯರೇ, ನವರಾತ್ರಿಗೆ ಅಟ್ಟದಿಂದ ಪಟ್ಟದ ಗೊಂಬೆಗಳ ಜೊತೆ ಚನ್ನಪಟ್ಟಣದ ಮರದ ರೈಲೂ ಇಳಿಯುತ್ತದಲ್ಲವೆ? ಬರಿದೇ ನಿಲ್ಲಿಸಿದರೆ ಅದು ಆಟಿಕೆ ಅಷ್ಟೆ. ಹಳಿಯ ಪಕ್ಕ ನಮ್ಮ ಕಡೆ ಕಾಣುವುದನ್ನೇ ಇಟ್ಟು ನೋಡಿ, ಮಕ್ಕಳು "ಇದು ನಮ್ಮ ಸ್ಟೇಷನ್ನು!" ಅಂತಾರೆ.

ಕಾಮಸಮುದ್ರವನ್ನೇ ಮಾಡೋಣ. ಆ ಬೆಂಗಳೂರು–ಜೋಲಾರಪೇಟೆ ದಾರಿಯಲ್ಲಿ 1864ರಿಂದ ರೈಲು ಓಡುತ್ತಿದೆ.

ಮೊದಲು ಅಳತೆ. ಬೋಗಿ 3 ಇಂಚು ಎತ್ತರವಿದ್ದರೆ ಮನುಷ್ಯರ ಗೊಂಬೆ ಒಂದೂಕಾಲು ಇಂಚು ಸಾಕು. ರೈಲಿಗಿಂತ ಎತ್ತರದ ಶೆಟ್ಟಿ ದಂಪತಿಗಳು ಮೇಲಿನ ಮೆಟ್ಟಿಲಲ್ಲೇ ಇರಲಿ.

ಹೊಲಕ್ಕೆ, ರಾಗಿಯನ್ನು ರಾತ್ರಿ ನೆನೆಸಿ, ಹಬ್ಬಕ್ಕೆ ಆರೇಳು ದಿನ ಮುಂಚೆ ತಟ್ಟೆಯ ಕೆಮ್ಮಣ್ಣಿನಲ್ಲಿ ಉದುರಿಸಿ ನೀರು ಚಿಮುಕಿಸಿ. ನಡುವೆ ಒಂದೆರಡು ಕಲ್ಲುಗುಂಡು ಇಟ್ಟರೆ ಕೋಲಾರದ ಸೀಮೆಯೇ ಸರಿ. ಹಳಿಯ ಕೆಳಗೆ ಜರಡಿ ಹಿಡಿದ ಸಣ್ಣ ಜಲ್ಲಿ ಹರಡಿ. ರೈಲು ಹಳಿಯಿಂದ ಕಲ್ಲು ತರಲು ಮಾತ್ರ ಮಕ್ಕಳನ್ನು ಕಳಿಸಬೇಡಿ. ತೆಂಗಿನ ಕಡ್ಡಿಗಳೇ ಕಂಬ, ಕಪ್ಪು ದಾರವೇ ಕರೆಂಟಿನ ತಂತಿ. ರಟ್ಟಿಗೆ ಅರಿಸಿನ ಬಳಿದು, ಊರಿನ ಹೆಸರನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಕಪ್ಪಗೆ ಬರೆಯಿರಿ.

ಹಿಂದುಗಡೆ ದೂರದಲ್ಲಿ ಒಂದು ಬೂದು ದಿಬ್ಬ ಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲೊಡೆಯುವ ಹಳಿ 1894ರಲ್ಲಿ ಚಿನ್ನದ ಗಣಿಗಾಗಿ ಬಂದದ್ದು. ಚಿನ್ನ ತೆಗೆದು ಉಳಿದ ಪುಡಿ ಗುಡ್ಡವಾಗಿ ಬಿದ್ದು ಸೈನೈಡ್ ದಿಬ್ಬವಾಯಿತು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಉಳಿಯಿತು. ಬೋರಲು ಹಾಕಿದ ಬೋಗುಣಿಗೆ ಮೈದಾ ಗೋಂದು ಸವರಿ, ಒಲೆಯ ಬೂದಿಗೆ ರಂಗೋಲಿ ಪುಡಿ ಬೆರೆಸಿ ಉದುರಿಸಿ. ದಿಬ್ಬದ ನಿಜವಾದ ಪುಡಿ ತರಬೇಡಿ, ಅದು ಉಸಿರಿಗೆ ಕೆಟ್ಟದ್ದು. ಮನೆಯಲ್ಲಿ ಗಣಿಗೆ ಇಳಿದಿದ್ದ ತಾತ ಇದ್ದರೆ ದಿಬ್ಬ ಎಲ್ಲಿರಬೇಕೆಂದು ಅವರನ್ನೇ ಕೇಳಿ. ಮಾತಾಡದವರೂ ಆಗ ಮಾತಾಡುತ್ತಾರೆ.

ಕೊನೆಗೆ ಒಂದು ಗೇಟು. ಗೇಟಿಗೆ ಮುಂಚೆ, ಸಿಳ್ಳೆ ಹಾಕಲು ಡ್ರೈವರಿಗೆ ನೆನಪಿಸುವ ಪುಟ್ಟ ಹಳದಿ ಹಲಗೆ. ಸುತ್ತಿಗೆ ಹೊತ್ತ ಗ್ಯಾಂಗ್‌ಮನ್ ಒಬ್ಬ; ಅವನು ದಿನಾ ಹಳಿ ನೋಡಿಕೊಳ್ಳದಿದ್ದರೆ ರೈಲು ಹೋಗುವುದೆಲ್ಲಿ? ಗೇಟು ಹಾಕಿಯೇ ಇರಲಿ. ಆಚೆ ಎತ್ತಿನ ಗಾಡಿ, ಸೈಕಲ್ಲು, ಮಗುವಿನ ಕೈ ಹಿಡಿದ ತಾಯಿ, ಎಲ್ಲರೂ ಕಾದು ನಿಂತಿರಲಿ. ಒಬ್ಬರೂ ಬಗ್ಗಿ ನುಸುಳುವಂತಿಲ್ಲ. ಹಳಿ ದಾಟಿ ಶಾಲೆಗೆ ಹೋಗುವ ಮಗುವಿಗೆ ಹತ್ತು ಸಲ ಗದರಿ ಹೇಳಿದ್ದು ತಲೆಗೆ ಹೋಗದೆ ಇರಬಹುದು; ತಾನೇ ಕೈಯಾರೆ ಜೋಡಿಸಿದ ಗೇಟು ಮರೆಯುವುದಿಲ್ಲ.

ಹಬ್ಬ ಮುಗಿದ ಮೇಲೆ ರಾಗಿ ಪೈರು ಹಸುವಿಗೆ ಹಾಕಿ. ಜಲ್ಲಿಯನ್ನು ಡಬ್ಬಿಯಲ್ಲಿ ಕಟ್ಟಿಡಿ, ಬರುವ ವರ್ಷಕ್ಕಾಯಿತು.