ಬುದ್ಧಿ ಹೇಳುವುದಕ್ಕೂ ಒಂದು ಪದವಿಯೆ?

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕುಳಿತಿದ್ದೆ. ಆಗ ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. ಜವಳಿ ವ್ಯಾಪಾರದಲ್ಲಿ ತಲೆ ನರೆತವರು. ಬಟ್ಟೆಯನ್ನು ಅಳೆಯುವಂತೆಯೇ ಮಾತನ್ನೂ ಅಳೆದು ಆಡುವವರು. ಕಾಫಿಯ ಲೋಟವನ್ನು ಕೆಳಗಿಟ್ಟವರೇ ವಿಷಯಕ್ಕೆ ಬಂದರು.

“ಮೇಷ್ಟ್ರೇ, ನಮ್ಮ ಹುಡುಗಿ ಬಿ.ಎಡ್. ಮಾಡಲೊಲ್ಲಳು, ಬ್ಯಾಂಕಿನ ಪರೀಕ್ಷೆಗೂ ಕೂರಲೊಲ್ಲಳು. ಅದೇನೋ ಎಂ.ಎಸ್.ಡಬ್ಲ್ಯು. ಅಂತೆ, ಆಪ್ತಸಮಾಲೋಚನೆಯಂತೆ, ಕಷ್ಟದಲ್ಲಿರುವವರ ಮಾತು ಕೇಳುವ ಉದ್ಯೋಗವಂತೆ. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕೇರಿಯ ಅರ್ಧ ಜನಕ್ಕೆ ಬುದ್ಧಿ ಹೇಳಿ ಸಂಸಾರ ನೆಟ್ಟಗೆ ಮಾಡಿದಳು. ಬುದ್ಧಿ ಹೇಳುವುದಕ್ಕೂ ಒಂದು ಪದವಿಯೆ?”

ಪ್ರಶ್ನೆ ಸಹಜವಾದದ್ದೇ. ನಮ್ಮ ದೇಶದಲ್ಲಿ ಉಪದೇಶಕ್ಕೆ ಎಂದೂ ಬರಗಾಲ ಬಂದಿಲ್ಲ. ಮದುವೆಯ ಮನೆಯಲ್ಲಿ, ಬಸ್ಸಿನಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ, ಕೇಳಿದವರಿಗೂ ಕೇಳದವರಿಗೂ ಅದು ಧಾರಾಳವಾಗಿ ದೊರೆಯುತ್ತದೆ. ಅಧ್ಯಾಪಕರಾದ ನಮಗಂತೂ ಅದು ಸಂಬಳ ತರುವ ಅಭ್ಯಾಸ. ಆದ್ದರಿಂದ ನಾನು ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ, ಕನ್ನಡಕವನ್ನು ಒರೆಸಿಕೊಂಡು, ಆ ಹಿರಿಯರಿಗೆ ಎಲ್ಲವನ್ನೂ ವಿಶದಪಡಿಸಲು ಆರಂಭಿಸಿದೆ.

ಕನ್ನಡದ ಮೇಷ್ಟರಾದ್ದರಿಂದ ಮೊದಲು ಪದವನ್ನೇ ಹಿಡಿದೆ. ‘ಆಪ್ತ’ನೆಂದರೆ ನಂಬಿಕೆಗೆ ಅರ್ಹನಾದವನು, ‘ಸಮಾಲೋಚನೆ’ಯೆಂದರೆ ಚೆನ್ನಾಗಿ, ಕೂಡಿ ಆಲೋಚಿಸುವುದು. ಈ ಪದದಲ್ಲಿ ನಂಬಿಕೆಯಿದೆ, ಆಲೋಚನೆಯಿದೆ; ಬುದ್ಧಿ ಹೇಳುವುದು ಮಾತ್ರ ಎಲ್ಲಿಯೂ ಇಲ್ಲ. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಅದರ ಮರ್ಮವನ್ನು ಬಲ್ಲವರೇ ಆಗಿರಬೇಕು.

ಈ ವಿದ್ಯೆಯ ಒಂದು ಬೇರಂತೂ ಇಂತಹ ತಂದೆ ಮಕ್ಕಳ ಸಮಸ್ಯೆಯಲ್ಲಿಯೇ ಇದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಉದ್ಯೋಗವನ್ನು ಆರಿಸಿಕೊಳ್ಳಲಾರದೆ ತೊಳಲುವ ತರುಣರಿಗಾಗಿ ಒಂದು ಕಚೇರಿಯನ್ನು ತೆರೆದರು. ನಿನ್ನನ್ನು ನೀನು ಅರಿತುಕೋ, ಉದ್ಯೋಗಗಳ ಸ್ವರೂಪವನ್ನು ಅರಿತುಕೋ, ಅನಂತರ ಎರಡನ್ನೂ ಹೊಂದಿಸಿ ನೋಡು. ಅವರ ವಿಧಾನದ ಸಾರವಿಷ್ಟೆ. ಹೊಂದಿಸಿ ನೋಡಬೇಕಾದವನು ಬಂದ ತರುಣನೇ ಹೊರತು ಕಚೇರಿಯಲ್ಲಿ ಕುಳಿತವರಲ್ಲ. ಎರಡನೆಯ ಬೇರು ಬಡವರ ನೆರವಿನ ಕಾರ್ಯದಲ್ಲಿದೆ. ಅದೇ ದೇಶದ ಮೇರಿ ರಿಚ್ಮಂಡ್ ಎಂಬಾಕೆ 1917ರಲ್ಲಿ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ವೈದ್ಯನು ರೋಗವನ್ನು ಪರೀಕ್ಷಿಸುವಷ್ಟೇ ಎಚ್ಚರದಿಂದ ಒಂದು ಕುಟುಂಬದ ಪರಿಸ್ಥಿತಿಯನ್ನು ತಿಳಿದ ಮೇಲೆಯೇ ನೆರವಿಗೆ ಕೈಹಾಕಬೇಕೆಂದು ತೋರಿಸಿಕೊಟ್ಟರು. ಕಾರ್ಲ್ ರೋಜರ್ಸ್ ಎಂಬ ಮನೋವಿಜ್ಞಾನಿ 1942ರ ತಮ್ಮ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಂದವನನ್ನು ‘ರೋಗಿ’ಯೆಂದು ಕರೆಯುವುದನ್ನೇ ಬಿಟ್ಟರು, ಅವನ ಸಂಕಟಕ್ಕೆ ದಾರಿ ಅವನಲ್ಲಿಯೇ ಇದೆ, ಅದು ಹೊರಬರುವಂತೆ ಕೇಳುವುದೇ ಸಲಹೆಗಾರನ ಕೆಲಸವೆಂದು ವಾದಿಸಿದರು.

ನಮ್ಮ ನಾಡಿಗೂ ಇದು ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ. ಮುಂಬಯಿಯ ನಾಗಪಾಡದ ಬಡಕೇರಿಯಲ್ಲಿ ಸೇವೆ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್ಷಾರ್ಟ್ ಎಂಬ ಅಮೆರಿಕನ್ ಪಾದ್ರಿಯ ನೇತೃತ್ವದಲ್ಲಿ 1936ರಲ್ಲಿ ಅಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ಆರಂಭವಾಯಿತು; 1944ರಲ್ಲಿ ಟಾಟಾ ಇನ್ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂದು ಹೆಸರಾದದ್ದು ಅದೇ. ಮಂಗಳೂರಿನ ರೋಶನಿ ನಿಲಯದ ಶಾಲೆ 1960ರದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನೋವಿಜ್ಞಾನದ ವಿಭಾಗವನ್ನು ತೆರೆದವರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಸ್ಥಾಪಿಸಿದ ‘ಆಕಾಶವಾಣಿ’ಯ ಗೋಪಾಲಸ್ವಾಮಿಯವರು ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಇನ್ನು ಓದಿನ ವಿಷಯ. ಯಾವುದೇ ಪದವಿ ಪಡೆದವರು ಸಾಮಾನ್ಯವಾಗಿ ಎಂ.ಎಸ್.ಡಬ್ಲ್ಯು.ಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ವ್ಯಾಸಂಗಕ್ಕೆ, ಸೇರಬಹುದು. ಎರಡು ವರ್ಷಗಳ ವ್ಯಾಸಂಗ. ಇದರ ವಿಶೇಷವೆಂದರೆ ಪಾಠದ ಕೊಠಡಿಯಷ್ಟೇ ಹೊರಗಿನ ಕೆಲಸಕ್ಕೂ ಮಹತ್ವವಿರುವುದು. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿದ್ಯಾರ್ಥಿಯು ಆಸ್ಪತ್ರೆ, ಶಾಲೆ, ಮಕ್ಕಳ ಪಾಲನಾಗೃಹ, ಕೊಳೆಗೇರಿ ಇಂತಹ ಕಡೆ ದುಡಿಯಬೇಕು. ಅಲ್ಲಿ ಯಾರೊಡನೆ ಮಾತನಾಡಿದೆ, ಅವರೇನು ಹೇಳಿದರು, ತಾನೇನು ಹೇಳಿದೆ, ಆಗ ತನ್ನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನೆಲ್ಲ ಬರೆಯಬೇಕು. ಆ ಬರಹವನ್ನು ಮುಂದಿಟ್ಟುಕೊಂಡು ಮಾರ್ಗದರ್ಶಕರು ಪ್ರಶ್ನೆ ಕೇಳುತ್ತಾರೆ: ಆಕೆ ಅಳಲಾರಂಭಿಸಿದಾಗ ನೀನು ಮಾತು ಬದಲಿಸಿದ್ದೇಕೆ? ಆಕೆಗೆ ನೋವಾಯಿತೆಂದೋ, ನಿನಗೆ ಹೆದರಿಕೆಯಾಯಿತೆಂದೋ?

ಗುಟ್ಟನ್ನು ಕಾಯುವುದೂ ಒಂದು ಪಾಠ. ಕಾಯಬಾರದ ಗುಟ್ಟನ್ನು ಗುರುತಿಸುವುದು ಇನ್ನೊಂದು. ಕೇಳಿದ್ದನ್ನು ಬೇರೆಯವರಿಗೆ ಹೇಳಕೂಡದೆಂಬುದು ಮೊದಲ ನಿಯಮ. ಆದರೆ ಪ್ರಾಣಕ್ಕೆ ಅಪಾಯವಿದ್ದಾಗ ಸುಮ್ಮನಿರುವುದು ಸಲ್ಲದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಕೇರಿಯ ಅಜ್ಜಿಗೆ ಈ ಗೆರೆಯನ್ನು ತೋರಿಸಿಕೊಟ್ಟವರು ಯಾರೂ ಇರಲಿಲ್ಲ.

ಮನೋವಿಜ್ಞಾನದಲ್ಲಿಯೇ ಎಂ.ಎ. ಅಥವಾ ಎಂ.ಎಸ್ಸಿ. ಮಾಡುವುದು ಎರಡನೆಯ ದಾರಿ. ಆದರೆ ಮನೋರೋಗಿಗಳ ಚಿಕಿತ್ಸೆಯಲ್ಲಿ ಪಾಲುಗೊಳ್ಳಬೇಕೆನ್ನುವವರಿಗೆ ಅಷ್ಟು ಸಾಲದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ‘ಮನೋವೈದ್ಯಕೀಯ ಸಮಾಜಕಾರ್ಯಕರ್ತ’ನೆಂದರೆ ಯಾರೆಂಬುದನ್ನು ವಿವರಿಸುವಾಗ, ಎಂ.ಎಸ್.ಡಬ್ಲ್ಯು. ಆದಮೇಲೆ ಆಸ್ಪತ್ರೆಯ ತರಬೇತಿಯೊಡನೆ ಎರಡು ವರ್ಷದ ಎಂ.ಫಿಲ್. ಆಗಿರಬೇಕೆಂದು ಹೇಳಿತು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಈ ನಡುವೆ 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸುವ ನಿಯಮ ಬಂದಿತು. ಈ ಎರಡು ವಿಷಯಗಳಿಗೆ ಮಾತ್ರ ಅವಧಿಯ ವಿನಾಯಿತಿ ದೊರೆಯಿತು. ಸಮಾಜಕಾರ್ಯಕರ್ತರನ್ನೂ ಸಲಹೆಗಾರರನ್ನೂ 2021ರ ಇನ್ನೊಂದು ಕಾಯ್ದೆ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ನಿಯಮಗಳು ಹೀಗೆ ಬದಲಾಗುತ್ತಿರುವ ಕಾಲದಲ್ಲಿ, ಶುಲ್ಕ ಕಟ್ಟುವುದಕ್ಕೆ ಮೊದಲು ಆ ವ್ಯಾಸಂಗಕ್ಕೆ ಯಾರ ಮಾನ್ಯತೆಯಿದೆ, ಮುಂದೆ ನೋಂದಣಿ ದೊರೆಯುವುದೇ ಎಂದು ವಿಚಾರಿಸಿ ತಿಳಿಯುವುದು ಅವಶ್ಯ. ಕೆಲವೇ ವಾರಗಳ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಸಲಹೆಗಾರರೆನಿಸಿಕೊಂಡವರೂ ನಮ್ಮ ನಡುವೆ ಇದ್ದಾರೆ.

ಕೆಲಸಕ್ಕೆ ಕೊರತೆಯಿಲ್ಲ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆ ಬಂದಿತು; 14416ಕ್ಕೆ ಕರೆ ಮಾಡಿದವರೊಡನೆ ಕನ್ನಡದಲ್ಲಿಯೂ ಮಾತನಾಡುವವರಿದ್ದಾರೆ. ಆಸ್ಪತ್ರೆ, ಕುಟುಂಬ ನ್ಯಾಯಾಲಯ, ಸಾಂತ್ವನ ಕೇಂದ್ರ, ಕುಡಿತ ಬಿಡಿಸುವ ಕೇಂದ್ರ ಎಲ್ಲೆಡೆಯೂ ಇಂತಹವರು ಬೇಕು. ಆದರೆ ಹುದ್ದೆಗಳಲ್ಲಿ ಎಷ್ಟೋ ಗುತ್ತಿಗೆಯವು, ಸಂಬಳವೂ ದೊಡ್ಡದಲ್ಲ ಎಂಬುದನ್ನು ನಾನು ಮುಚ್ಚಿಡಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಹಿರಿಯರು ಒಮ್ಮೆಯೂ ಅಡ್ಡ ಮಾತನಾಡಿರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, “ಆಗಲಿ ಮೇಷ್ಟ್ರೇ” ಎಂದು ಎದ್ದರು.

ಆ ‘ಆಗಲಿ’ಯನ್ನು ನಾನು ಹಿಂದೆಯೂ ಕೇಳಿದ್ದೆ.

ಆರು ವರ್ಷಗಳ ಹಿಂದೆ ಎರಡನೆಯ ಬಿ.ಎ. ತರಗತಿಯ ಹುಡುಗನೊಬ್ಬ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, “ಸರ್, ಓದು ತಲೆಗೆ ಹತ್ತುತ್ತಿಲ್ಲ” ಎಂದಿದ್ದ. ನಾನು ಅವನನ್ನು ಕೂರಿಸಿ ಕಾಲು ಗಂಟೆ ಮಾತನಾಡಿದೆ. ಏಕಾಗ್ರತೆ, ಬ್ರಾಹ್ಮೀಮುಹೂರ್ತದ ಅಧ್ಯಯನ, ಬಡತನದಲ್ಲಿ ಓದಿ ಮುಂದೆ ಬಂದ ಮಹನೀಯರ ಚರಿತ್ರೆ ಯಾವುದನ್ನೂ ಬಿಡಲಿಲ್ಲ. “ಆಗಲಿ ಸರ್” ಎಂದು ಹೊರಟವನು ಮರುವಾರದಿಂದ ಕಾಲೇಜಿಗೆ ಬರಲಿಲ್ಲ. ಎಷ್ಟೋ ಕಾಲದ ಮೇಲೆ ಬಸ್ ನಿಲ್ದಾಣದಲ್ಲಿ ಅವನೇ ಎದುರಾದ, ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ತಾಯಿ ಬಾವಿಗೆ ಬೀಳಲು ಹೋಗಿದ್ದನ್ನು ತಾನೇ ಕಂಡು ಎಳೆದು ತಂದಿದ್ದನಂತೆ. ಆಮೇಲೆ ಆಕೆಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರುವ ಧೈರ್ಯ ಬರಲಿಲ್ಲವಂತೆ. “ಅವತ್ತು ಅದನ್ನೇ ಹೇಳಬೇಕೆಂದು ಬಂದಿದ್ದೆ ಸರ್. ನೀವು ಮಾತನಾಡುತ್ತಿದ್ದಿರಿ” ಎಂದ. ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ನನಗೆ ಉತ್ತರವೂ ಇರಲಿಲ್ಲ.

“ಕುಳಿತುಕೊಳ್ಳಿ ಯಜಮಾನರೇ” ಎಂದೆ. “ನಾನೇ ಮಾತನಾಡಿಬಿಟ್ಟೆ. ಅವಳು ಇದನ್ನು ಓದಿದರೆ ನಿಮಗಿರುವ ಭಯವೇನು?” ಇಷ್ಟು ಕೇಳಿ ಬಾಯಿ ಮುಚ್ಚಿಕೊಂಡೆ. ಅದು ಅಷ್ಟು ಸುಲಭವಲ್ಲ. ಒಂದೆರಡು ನಿಮಿಷದ ಮೌನವನ್ನು ಸಹಿಸುವುದು ಒಂದು ಗಂಟೆ ಉಪನ್ಯಾಸ ಕೊಡುವುದಕ್ಕಿಂತ ಕಷ್ಟವೆಂದು ಅಂದು ತಿಳಿಯಿತು.

ಕೊನೆಗೆ ಅವರು ನೆಲವನ್ನು ನೋಡುತ್ತ ಹೇಳಿದರು: “ನನಗೊಬ್ಬ ತಮ್ಮನಿದ್ದ. ಓದುವಾಗಲೇ ಬುದ್ಧಿ ಭ್ರಮಣೆಯಾಯಿತು. ದೇವರು, ಮಂತ್ರವಾದಿ ಎಲ್ಲ ಆದಮೇಲೆ ಹಿತ್ತಿಲ ಕೋಣೆಯಲ್ಲಿಟ್ಟೆವು. ಹನ್ನೊಂದು ವರ್ಷ ಇದ್ದ, ಅಲ್ಲೇ ಹೋದ. ಅವನ ಊಟದ ತಟ್ಟೆ ಕೊಂಡೊಯ್ಯುತ್ತಿದ್ದವಳು ಇವಳೇ. ನಾವೆಲ್ಲ ಅವನಿಗೆ ಬುದ್ಧಿ ಹೇಳುತ್ತಿದ್ದೆವು. ಕಿಟಕಿಯ ಹತ್ತಿರ ಕೂತು ಅವನ ಮಾತು ಕೇಳುತ್ತಿದ್ದವಳು ಇವಳೊಬ್ಬಳೇ. ಆ ಕೋಣೆಯಿಂದ ದೂರ ಹೋಗಲಿ ಅಂತ ಕಾಲೇಜಿಗೆ ಕಳಿಸಿದೆ ಮೇಷ್ಟ್ರೇ. ಈಗ ಮತ್ತೆ ಅಲ್ಲಿಗೇ ಹೊರಟಿದ್ದಾಳೆ.”

ನನ್ನ ನಾಲಿಗೆಯ ತುದಿಗೆ ಮೂರು ಸಮಾಧಾನದ ಮಾತುಗಳು ಬಂದವು. ಮೂರನ್ನೂ ನುಂಗಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: “ವಾರಕ್ಕೆ ಎರಡು ದಿನದ ಕೆಲಸ ಅಂದಿರಲ್ಲ, ಅಲ್ಲಿ ಕಂಡದ್ದನ್ನು ಕೇಳಿದ್ದನ್ನು ಇವಳು ಯಾರಿಗಾದರೂ ಹೇಳಿಕೊಳ್ಳಬಹುದೆ? ಹಿರಿಯರು ಯಾರಾದರೂ ಜೊತೆಗೆ ಇರುತ್ತಾರೆಯೆ?”

“ಇರುತ್ತಾರೆ. ಅದು ಆ ಓದಿನ ಒಂದು ಭಾಗವೇ” ಎಂದೆ.

“ಚಿಕ್ಕವಳಿದ್ದಾಗ ಅವಳಿಗೆ ಯಾರೂ ಇರಲಿಲ್ಲ” ಎಂದರು ಅವರು.

ತಮ್ಮ ಪ್ರಶ್ನೆಗೆ ಅವರೇ ಕಂಡುಕೊಂಡ ಈ ಉತ್ತರ ನನ್ನ ಇತಿಹಾಸ, ಕಾಯ್ದೆಗಳ ವಿವರಣೆಯಲ್ಲಿ ಇರಲಿಲ್ಲ. ಕೇಳುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅಜ್ಜಿಗೂ ಇತ್ತು, ಮೊಮ್ಮಗನ ಈ ಮಗಳಿಗೂ ಇದೆ. ಆದರೆ ಕೇಳಿದ ಭಾರವನ್ನು ಒಬ್ಬರೇ ಹೊತ್ತು ಕುಸಿಯದಂತೆ, ಹೊರಲಾರದ್ದನ್ನು ಎಲ್ಲಿಗೆ ಒಪ್ಪಿಸಬೇಕೆಂದು ತಿಳಿಯುವಂತೆ ಮಾಡುವುದಕ್ಕೆ ಒಂದು ಶಿಕ್ಷಣ ಬೇಕು. ಬುದ್ಧಿ ಹೇಳುವುದಕ್ಕೆ ಪದವಿ ಬೇಡ, ನಿಜ. ಹೇಳದೆ ಕೇಳುವುದಕ್ಕೆ ಎರಡು ವರ್ಷವೂ ಕಡಮೆಯೇ.

ಈ ಪ್ರಸಂಗವನ್ನು ಆ ತಂದೆ ಮಗಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಂದು ಹಿರಿಯರು ಹೊರಟಾಗ ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಮಗಳನ್ನು ಸೇರಿಸುತ್ತೇನೆಂದು ಅವರು ಹೇಳಲಿಲ್ಲ. ಸೇರಿಸಿ ಎಂದು ನಾನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದೇ ಒಂದು ಮಾತು ಕೇಳಿದರು:

“ಆ ಅರ್ಜಿಗೆ ಕಡೇ ದಿನ ಯಾವತ್ತು, ಮೇಷ್ಟ್ರೇ?”