ನೀರಿನಲ್ಲಿ ಕರಗಿದ ಎಲೆಕ್ಟ್ರಾನು

ಉಪ್ಪು ನೀರಿನಲ್ಲಿ ಕರಗುವುದನ್ನು ಅರಿಯದವರಿಲ್ಲ. ಎಲೆಕ್ಟ್ರಾನೂ ಕರಗುತ್ತದೆಂದರೆ ನಂಬುವವರು ವಿರಳ. ಅಮೆರಿಕದ ಹಾರ್ಟ್ ಹಾಗೂ ಇಂಗ್ಲೆಂಡಿನ ಬೋಗ್ ಎಂಬ ವಿಜ್ಞಾನಿಗಳು 1962ರಲ್ಲಿ ಇದನ್ನು ಪ್ರಮಾಣಸಹಿತ ತೋರಿಸಿಕೊಟ್ಟರು. ವೇಗವುಳ್ಳ ಎಲೆಕ್ಟ್ರಾನುಗಳ ಕ್ಷಣಮಾತ್ರದ ಧಾರೆ ಹಾಯ್ದೊಡನೆ ನೀರು ಕೆಂಪು ಬೆಳಕನ್ನು ಹೀರಿತು. ಹೀರಿಕೆಯ ಶಿಖರ ಸುಮಾರು 720 ನ್ಯಾನೊಮೀಟರು. ನೀರಿನ ಅಣುಗಳು ಸುತ್ತುಗಟ್ಟಿ ಹಿಡಿದ ಎಲೆಕ್ಟ್ರಾನಿನ ಗುರುತು ಅದು. ಅದರ ಬಣ್ಣ ನೀಲಿ.

ಅದರ ಆಯುಷ್ಯ ಅತ್ಯಲ್ಪ; ಜನನವಂತೂ ಇನ್ನೂ ಶೀಘ್ರ. ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಬರುವುದು ಫೆಮ್ಟೊಸೆಕೆಂಡು. ಅಂಥ ಸಾವಿರ ಕಳೆಯುವುದರೊಳಗೇ ಎಲೆಕ್ಟ್ರಾನು ನೀರಿನಲ್ಲಿ ನೆಲೆಗೊಳ್ಳುತ್ತದೆಂದು ಫ್ರಾನ್ಸಿನ ಸಂಶೋಧಕರು 1987ರಲ್ಲಿ ಅಳೆದರು. ಯಾವ ಗಡಿಯಾರದಿಂದ ಅಳೆದರೆಂದು ವಾಚಕರು ಕೇಳಬಹುದು. ಲೇಸರಿನ ಒಂದು ಮಿಂಚು ನೀರಿನಿಂದ ಎಲೆಕ್ಟ್ರಾನನ್ನು ಬಿಡಿಸುತ್ತದೆ. ಹಿಂದಿನಿಂದ ಬರುವ ಎರಡನೆಯದು ಅದರ ಸ್ಥಿತಿಯನ್ನು ನೋಡುತ್ತದೆ. ಎರಡನೆಯದರ ದಾರಿಯನ್ನು ಕನ್ನಡಿ ಸರಿಸಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ಉದ್ದ ಮಾಡಿದರೆ ಹತ್ತು ಫೆಮ್ಟೊಸೆಕೆಂಡು ತಡವಾಗುತ್ತದೆ. ಇಲ್ಲಿ ಅಳತೆಗೋಲೇ ಗಡಿಯಾರ! ಇಂಥ ವಿಧಾನದಿಂದ ರಾಸಾಯನಿಕ ಕ್ರಿಯೆಗಳನ್ನು ಕಂಡ ಈಜಿಪ್ತ್ ಸಂಜಾತ ಜ್ವೈಲರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ವಾದ ಇನ್ನೂ ಮುಗಿದಿಲ್ಲ. ಎಲೆಕ್ಟ್ರಾನು ನೀರಿನೊಳಗೆ ಪೊಳ್ಳು ಮಾಡಿಕೊಂಡು ಕುಳಿತಿದೆ ಎಂಬುದು ಹಳೆಯ ಮತ. ಹಾಗಲ್ಲ, ಅದು ಅನೇಕ ಅಣುಗಳ ಮೇಲೆ ಹರಡಿಕೊಂಡಿದೆಯೆಂದು ಕ್ಯಾಲಿಫೋರ್ನಿಯದ ಶ್ವಾರ್ಟ್ಸ್ ಮತ್ತು ಸಂಗಡಿಗರು 2010ರಲ್ಲಿ ಲೆಕ್ಕ ಹಾಕಿ ಹೇಳಿದರು. ಪ್ರತಿವಾದಗಳೂ ಬಂದವು. ವಿದ್ವಾಂಸರು ಜಗಳವಾಡುವುದಿದ್ದರೆ ಹೀಗೆ ಆಡಬೇಕು.

ಇದರಿಂದ ಯಾರ ಹೊಟ್ಟೆ ತುಂಬೀತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಅರ್ಬುದ ರೋಗಿಗೆ ಕಿರಣ ಚಿಕಿತ್ಸೆ ಕೊಡುವಾಗ ಕಿರಣ ಮೊದಲು ತಾಗುವುದು ಬಹುಪಾಲು ನೀರಿಗೆ. ನಮ್ಮ ಜೀವಕೋಶದಲ್ಲಿರುವುದು ಅದೇ ತಾನೆ? ಆಗ ಹುಟ್ಟುವ ಕಣಗಳಲ್ಲಿ ಈ ಎಲೆಕ್ಟ್ರಾನೂ ಒಂದು. ರೋಗದ ಕೋಶ ಸಾಯುವುದೂ ಆರೋಗ್ಯದ ಕೋಶ ನೋಯುವುದೂ ಆ ನೀರಿನಲ್ಲಿ ನಡೆಯುವುದನ್ನು ಅವಲಂಬಿಸಿದೆ. ಮನೆಯಲ್ಲೊಬ್ಬರು ಈ ಚಿಕಿತ್ಸೆಗೆ ಹೋಗಿ ಬಂದವರಾರೂ ಇದನ್ನು ನಿರುಪಯೋಗಿ ಎನ್ನಲಾರರು.

ಮತ್ತೊಂದು ಆಕ್ಷೇಪ ನಮಗೆ ಹೆಚ್ಚು ನೋವಿನದು: ಹೋಟೆಲಿನವರಿಗೂ ಗುಮಾಸ್ತರಿಗೂ ಇದು ತಿಳಿಯದು, ಕನ್ನಡಕ್ಕೆ ಇದು ಒಗ್ಗದು ಎಂಬುದು. ಮೇಲಿನ ಸಾಲುಗಳು ತಿಳಿದವೋ ಇಲ್ಲವೋ, ವಾಚಕರೇ ಹೇಳಲಿ. ಈ ನಗರದ ಅಂಚಿನ ಟ್ರಾಂಬೆಯಲ್ಲಿ, ಭಾಭಾ ಅಣು ಸಂಶೋಧನ ಕೇಂದ್ರದಲ್ಲಿಯೇ ಇಂಥ ಎಲೆಕ್ಟ್ರಾನುಗಳನ್ನು ಹುಟ್ಟಿಸಿ ಪರೀಕ್ಷಿಸುವ ಯಂತ್ರವಿದೆ. ವಿಷಯ ಬಲ್ಲ ಕನ್ನಡಿಗರು ನಮ್ಮ ಸಂಘಗಳಿಗೆ ಬಂದು ಒಂದು ಉಪನ್ಯಾಸ ಕೊಡಬೇಕೆಂದು ವಿನಂತಿ. ವೇಳೆ ರಾತ್ರಿ ಹತ್ತರ ಮೇಲಿದ್ದರೆ ಹೋಟೆಲಿನ ತರುಣರೂ ಬಂದಾರು. ಕಾಫಿಯ ಹೊಣೆ ನಮ್ಮದು.